ಕೆನ್ನೀಲಿ ಕಾಳಿಗೆ ಬಾಗಿಲು

ನನ್ನ ದನಿಯ ವಿಚಾರ ಮೊದಲು ಹೇಳಿಬಿಡುತ್ತೇನೆ, ಊರಿನ ವಿಚಾರ ಆಮೇಲೆ.

ಜೋಳದ ಹೊಲದ ಅಟ್ಟಣೆ ಮೇಲೆ ನಿಂತು ಗಿಳಿ ಓಡಿಸಿ ಬೆಳೆಸಿದ ದನಿ ನನ್ನದು. ಕವಣೆಗೆ ಕೈ ಹಾಕಿದವನಲ್ಲ ನಾನು. ಬಾಯಿ ತೆರೆದರೆ ಸಾಕು, ನಮ್ಮ ಹೊಲದ ಗಿಳಿ ಮಾತ್ರವಲ್ಲ, ಆಚೆಯ ಮೂರು ಹೊಲದ ಗಿಳಿಗಳೂ ಎದ್ದು ಹೋಗುತ್ತಿದ್ದವು. ಸುಗ್ಗಿ ಬಂದಾಗ ಆ ಮೂರು ಹೊಲದವರು ತಾವಾಗಿಯೇ ನಮ್ಮ ಮನೆಗೆ ಒಂದೊಂದು ಹೊರೆ ತೆನೆ ತಂದು ಇಳಿಸುತ್ತಿದ್ದರು. ಇದು ಜಂಬ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅದು ಜಂಬ ಹೇಗಾಗುತ್ತದೆ?

ಆ ದನಿ ಕೇಳಿಯೇ ಕೊರಳಿನ ಊರಿನವರು ನನ್ನನ್ನು ಕರೆಸಿಕೊಂಡರು.

ಆ ಊರಿಗೆ ಬೇರೆ ಹೆಸರಿಲ್ಲ. ಮೇಲೆ ತಲೆಯಂಥ ಗುಡ್ಡ, ಕೆಳಗೆ ಮೈಯಂಥ ಬಯಲು, ನಡುವೆ ಕೊರಳಿನಂಥ ಕಣಿವೆ. ಕಣಿವೆಯ ನಟ್ಟನಡುವೆ ಗಾಳಿಯ ದಾರಿ. ಗಾಳಿ ಆ ದಾರಿಯಲ್ಲಿ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ಅದು ನಿಂತದ್ದನ್ನು ಕಂಡವರಿಲ್ಲ. ಆ ದಾರಿಯ ಎರಡು ಮಗ್ಗುಲಿಗೆ, ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯ ಹಾಗೆ, ಮೂವತ್ತು ಮನೆ. ಮನೆಗಳ ಬೆನ್ನಿಗೆ ಕೆಂಪು ಹೊಳೆ.

ಹೊಳೆಯಲ್ಲಿ ಬಿಳಿ ಉಪ್ಪಿನ ಕಾಳು ಬೇಕಾದಷ್ಟು. ಕೆನ್ನೀಲಿ ಕಾಳು ಅಪರೂಪ. ಸಾವಿರಾರು ಬಿಳಿ ಕಾಳು ಹಾದು ಹೋದ ಮೇಲೆ ಒಂದು ಕೆನ್ನೀಲಿ, ಮಾಗಿದ ನೇರಳೆಯ ಬಣ್ಣದ್ದು, ಯಾರಿಗೂ ಬೇಡವಾದ ನೆಂಟನ ಹಾಗೆ ಒಂಟಿಯಾಗಿ ತೇಲಿ ಬರುತ್ತದೆ. ಬೇರೆ ಊರಿನವರಿಗೆ ಅದು ಕಸ. ಕೊರಳಿನ ಊರಿಗೆ ಅದೇ ಬದುಕು. ಆ ಕಾಳನ್ನು ಮನೆಯೊಳಗೆ ತಂದು, ಅಂಗಳದ ತೊಟ್ಟಿಗೆ ಹಾಕಿ, ಜೇನಿನಂತೆ ಗಟ್ಟಿಯಾಗುವ ತನಕ ತಿರುವಿ ಪಾಕ ಮಾಡುತ್ತಾರೆ. ಪಾಕ ಕಾಲುವೆ ಹಿಡಿದು ಬಯಲಿಗೆ ಇಳಿಯುತ್ತದೆ. ಬಯಲಿನಲ್ಲಿ ಒಲೆ ಇಲ್ಲ, ಸೌದೆ ಇಲ್ಲ. ಅವರ ಮೈ ಕಾಯುವುದು ಈ ಪಾಕದಿಂದ. ಅವರ ಬಸುರಿಯರು ಕುಡಿದರೆ ಹೊಟ್ಟೆಯೊಳಗಿನ ಕೂಸಿನ ಕಿವಿ ಬಿಚ್ಚಿಕೊಳ್ಳುತ್ತದೆ, ನಾಲಿಗೆ ಹಗುರಾಗುತ್ತದೆ, ತಲೆಯಲ್ಲಿ ದೀಪ ಹತ್ತುತ್ತದೆ. ಕುಡಿಯದಿದ್ದರೆ ಇಲ್ಲ. ಅಷ್ಟೇ.

ಈಗ ಊರಿನ ಕಟ್ಟಳೆ ಕೇಳಿ.

ಹೊಳೆಯ ಕಡೆಯ ಗೋಡೆಗೆ ಬಡಗಿ ಮಾಡಿದ ಬಾಗಿಲು ನಡೆಯುವುದಿಲ್ಲ. ಕೂರಿಸಬಹುದು, ಆದರೆ ಅದರಲ್ಲಿ ಕೆನ್ನೀಲಿ ಕಾಳು ಬರುವುದಿಲ್ಲ. ಅಲ್ಲಿ ಬಾಗಿಲು ಓದಿನಿಂದಲೇ ಹುಟ್ಟಬೇಕು. ಪ್ರತಿ ಮನೆಯಲ್ಲೂ ಒಂದು ದೊಡ್ಡ ಪುಸ್ತಕ. ಮನೆ ಹುಟ್ಟಿದ ದಿನವೇ ಅದೂ ಹುಟ್ಟಿದ್ದು. ಉಗುರು ಮಾಡುವುದು ಹೇಗೆ, ಕೂದಲು ಮಾಡುವುದು ಹೇಗೆ, ಪಿತ್ತ ಹೇಗೆ, ಕಣ್ಣೀರು ಹೇಗೆ, ಎಲ್ಲದಕ್ಕೂ ಅದರಲ್ಲಿ ಒಂದೊಂದು ಹಾಳೆ. ಬಯಲಿನ ಊರುಗಳಲ್ಲೂ ಇರುವುದು ಇದೇ ಪುಸ್ತಕ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಆದರೆ ಯಾವ ಊರಿಗೆ ಯಾವ ಹಾಳೆ ಬೇಕೋ ಅದನ್ನು ಮಾತ್ರ ತೆರೆದಿಟ್ಟು ಮಿಕ್ಕದ್ದಕ್ಕೆಲ್ಲ ಮೇಣ ಮೆತ್ತಿಸುತ್ತಾರೆ. ಬಾಗಿಲಿನ ಹಾಳೆ ತೆರೆದಿದ್ದದ್ದು ಕೊರಳಿನ ಊರಿನಲ್ಲಿ ಮಾತ್ರ.

ಬಯಲಿಗೆ ಚಳಿಯಾದರೆ ಅದು ಹೇಗೋ ಗುಡ್ಡದ ಮೇಲಿನವರಿಗೆ ತಿಳಿಯುತ್ತದೆ, ಅವರು ನಗಾರಿ ಬಾರಿಸುತ್ತಾರೆ. ಚಳಿ ಏರಿದಷ್ಟೂ ಪೆಟ್ಟು ಜೋರು. ಬಯಲು ಬೆಚ್ಚಗಾದರೆ ಪೆಟ್ಟು ಮೆತ್ತಗೆ. ಬೆಳಗಿನ ನಗಾರಿ ಕೇಳಿಸಿತೋ, ಪ್ರತಿ ಮನೆಯ ಓದುಗ ಬಾಗಿಲಿನ ಹಾಳೆಯ ಮುಂದೆ ಕೂರಬೇಕು. ಅವನ ಜೊತೆ ಬೆರಳಮ್ಮ ಕೂರಬೇಕು. ಬೆರಳಮ್ಮ ಅಂದರೆ, ಆ ಹಾಳೆಗಿಂತ ನಲವತ್ತು ಹಾಳೆ ಹಿಂದೆ ಇರುವ ಒಂದು ಸಾಲಿನ ಮೇಲೆ ಬೆರಳಿಟ್ಟು, ಓದು ಮುಗಿಯುವ ತನಕ ತೆಗೆಯದೆ ಕೂರುವ ಹೆಂಗಸು. ಆ ಸಾಲನ್ನು ಯಾರೂ ಓದುವುದಿಲ್ಲ. ಆದರೂ ಬೆರಳು ಅಲ್ಲಿರಬೇಕು. ನಗಾರಿ, ಬೆರಳು, ದನಿ, ಮೂರೂ ಕೂಡಿದರೆ ಹೊಳೆಯ ಗೋಡೆಯಲ್ಲಿ ಬಾಗಿಲಿನ ಒಂದು ಪದರ ನಿಲ್ಲುತ್ತದೆ. ನಿನ್ನೆಯ ಪದರದ ಒಳಮೈಗೆ ಇಂದಿನದು, ಇಂದಿನದರ ಒಳಮೈಗೆ ನಾಳೆಯದು. ಹಳೆಯದು ಈರುಳ್ಳಿ ಸಿಪ್ಪೆಯ ಹಾಗೆ ಹೊಳೆಗೆ ಉದುರುತ್ತದೆ. ಒಂದು ಪದರ ಎಷ್ಟು ದಿನ ಬಾಳುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಒಮ್ಮೆಯಾದರೂ ಓದು ನಿಂತಿರಬೇಕಲ್ಲ.

ಬಾಗಿಲಿಗೂ ಅದರದೇ ಒಂದು ಹಠ. ಕೆನ್ನೀಲಿ ಕಾಳು ಒಂಟಿಯಾಗಿ ಬಂದರೆ ತೆರೆಯದು. ಎಡಗೈಗೊಂದು, ಬಲಗೈಗೊಂದು ಅಂತ ಎರಡು ಬಿಳಿ ಕಾಳು ಕೈಹಿಡಿದು ಕರೆತಂದರೆ ಮಾತ್ರ, ಮದುವಣಗಿತ್ತಿಯನ್ನು ಬಿಟ್ಟುಕೊಂಡ ಹಾಗೆ, ಒಳಗೆ ಬಿಡುತ್ತದೆ. ಜೊತೆಗೆ ಬಂದ ಬಿಳಿ ಕಾಳುಗಳನ್ನು ಹಿತ್ತಲಿನಿಂದ ಮತ್ತೆ ಹೊಳೆಗೆ ನೂಕುತ್ತಾರೆ.

ನಾನು ಸೇರಿದ್ದು ಹನ್ನೊಂದನೆಯ ಮನೆಗೆ. ಮೊದಲ ದಿನ ನಾನು ಓದಿ ನಿಲ್ಲಿಸಿದ ಬಾಗಿಲಿನ ಹೊಳಪು ನೋಡಿ ಎದುರು ಸಾಲಿನವರೂ ಮಾಳಿಗೆ ಹತ್ತಿದರು. ನಮ್ಮ ತೊಟ್ಟಿ ಮಧ್ಯಾಹ್ನಕ್ಕೇ ತುಂಬಿತು. "ಎಲ್ಲಿಯವನಪ್ಪಾ ಇವನು?" ಎಂದು ಜನ ಕೇಳಿದರು. "ಗಿಳಿ ಹೆದರೋ ಊರಿನವನು" ಅಂದೆ.

ನಮ್ಮ ಮನೆಯ ಬೆರಳಮ್ಮನಿಗೆ ಮಂಡಿ ನೋವು. ನಗಾರಿ ಶುರುವಾಗಿ ಎಷ್ಟೋ ಹೊತ್ತಿನ ಮೇಲೆ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ನಾನು ಗಂಟಲು ಸರಿ ಮಾಡಿಕೊಂಡು ಕಾಯುತ್ತಿದ್ದೆ.

"ಬಂದೆಯಾ ತಾಯಿ? ಕಾದು ಕಾದು ನಾನು ಮುದುಕ ಆದೆ."

"ಆಗು, ಒಳ್ಳೇದು. ಮುದುಕರಾದ್ರೆ ಒಸಿ ಮೆತ್ತಗೆ ಓದ್ತಾರೆ. ನಿನ್ನ ಓದಿಗೆ ನನ್ನ ಕಿವಿ ತೂತು ಬಿತ್ತು."

"ಅಲ್ಲಮ್ಮ, ಆ ಸಾಲಿನಲ್ಲಿ ಏನಿದೆ ಅಂತ ಹಾಗೆ ಒತ್ತಿ ಹಿಡ್ಕೊಂಡು ಕೂರ್ತೀಯ?"

"ನಂಗೆಲ್ಲಿ ಓದೋಕೆ ಬರ್ತದೆ ಮಗಾ. ನಮ್ಮತ್ತೆ ಇಲ್ಲಿಡು ಅಂದ್ಲು, ಇಟ್ಟೆ. ಒಂದಿನ ಕೆಮ್ಮು ಬಂದು ಬೆರಳು ಜಾರ್ತು. ಅವತ್ತಿನ ಪದರ ಸೊಳ್ಳೆ ರೆಕ್ಕೆ ಥರ ಬಂತು. ಅಷ್ಟು ವಿದ್ಯೆ ಸಾಕು ನಂಗೆ."

ಅವಳ ಒಬ್ಬಳೇ ಮಗಳನ್ನು ಬಯಲಿಗೆ ಕೊಟ್ಟಿದ್ದರು. ಪಾಕ ಕಾಲುವೆಗೆ ಬಿಡುವಾಗ ಬೆರಳಮ್ಮ ಪ್ರತಿ ಸಲವೂ ಅದರಲ್ಲಿ ಬೆರಳು ಅದ್ದಿ ನೋಡುತ್ತಿದ್ದಳು, ಸೊಸೆ ಕಾಯಿಸಿದ ಹಾಲಿನ ಬಿಸಿ ನೋಡುವ ಅತ್ತೆಯ ಹಾಗೆ. "ಬೆಚ್ಚಗಿದೆ, ಹೋಗು" ಎಂದು ಪಾಕಕ್ಕೆ ಹೇಳುತ್ತಿದ್ದಳು.

ಪಕ್ಕದ ಹನ್ನೆರಡನೆಯ ಮನೆಯ ಓದುಗ ತೊದಲ. ನಾನು ಓದು ಮುಗಿಸಿ, ಉಂಡು, ಬಾಯಿ ತೊಳೆದು ಬರುವಷ್ಟರಲ್ಲಿ ಅವನು ಎರಡನೆಯ ಸಾಲಿನಲ್ಲಿರುತ್ತಿದ್ದ. ಒಂದೊಂದು ಅಕ್ಷರದ ಕೆಳಗೂ ಕಡ್ಡಿ ಇಟ್ಟುಕೊಂಡು, ಹಾಳೆಗೆ ಮೂಗು ತಾಗಿಸಿಕೊಂಡು ಓದುತ್ತಿದ್ದ. ನಾನು ಗೋಡೆಯ ಮೇಲೆ ಕೂತು ಅವನ ಹಾಗೆಯೇ ಓದಿ ತೋರಿಸುತ್ತಿದ್ದೆ. ಬೀದಿಯೆಲ್ಲ ನಗುತ್ತಿತ್ತು. ಅವನೂ ನಗುತ್ತಿದ್ದ.

"ಏನಣ್ಣ, ನಿನ್ನ ಬಾಗಿಲು ಈ ವರ್ಷ ನಿಲ್ತದೋ, ಬರೋ ವರ್ಷವೋ?"

"ನಿ... ನಿಂತಾಗ ನಿಲ್ತದೆ ಬಿಡು."

ಹೀಗೆ ಒಂದು ವರ್ಷ. ಹಾಳೆ ನನಗೆ ಬಾಯಿಪಾಠವಾಯಿತು. ಕಣ್ಣು ಮುಚ್ಚಿದರೂ ಸಾಲು ಬರುತ್ತಿತ್ತು, ಕನಸಿನಲ್ಲೂ ಬರುತ್ತಿತ್ತು. ಆಮೇಲೆ ಒಂದು ಯೋಚನೆ ಬಂತು. ಯೋಚನೆ ಬಂದದ್ದು ನನಗೇ, ಯಾರೂ ತಲೆಗೆ ತುಂಬಿದ್ದಲ್ಲ. ಹಾಳೆ ನನ್ನ ಗಂಟಲಿನಲ್ಲಿದ್ದ ಮೇಲೆ ಪುಸ್ತಕ ಯಾಕೆ? ಪುಸ್ತಕ ಬೇಡ ಅಂದ ಮೇಲೆ ಬೆರಳು ಯಾಕೆ?

ಮೇಣದವನು ವರ್ಷಕ್ಕೊಮ್ಮೆ, ಬಿಸಿಲು ಏರುವ ತಿಂಗಳಲ್ಲಿ ಬರುತ್ತಿದ್ದ. ಹೆಗಲಿಗೆ ಮೇಣದ ಗಡಿಗೆ, ಕೈಯಲ್ಲಿ ಮರದ ಸೌಟು. ಮುಚ್ಚಿದ ಹಾಳೆಗಳ ಮೇಣ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಮೆತ್ತಿ ಹೋಗುವುದು ಅವನ ಕಸುಬು. ಅವನು ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ. ಓದುಗ ತೋರಿಸಿದ ಹಾಳೆಯ ಮುಂದೆ ನಿಂತು ಮೂರು ಸಲ ಕೇಳಬೇಕು, ಮೂರು ಸಲವೂ ಹೂಂ ಅಂದರೆ ಮೆತ್ತಬೇಕು. ಅದಕ್ಕಿಂತ ಹೆಚ್ಚು ಕೇಳುವ ಅಧಿಕಾರ ಅವನಿಗಿರಲಿಲ್ಲ.

"ಈ ಹಾಳೆಗೂ ಹಾಕು" ಅಂದೆ.

ಅವನು ಬಗ್ಗಿ ನೋಡಿದ. "ಇದು ಬಾಗಿಲಿನದ್ದು."

"ನನಗೆ ಗೊತ್ತಿಲ್ವಾ? ಬಾಯಿಪಾಠ ಆಗಿದೆ, ಬೇಕಾದರೆ ಕೊನೆಯಿಂದ ಮೊದಲಿಗೆ ಹೇಳ್ತೀನಿ ಕೇಳು. ತೆರೆದಿಟ್ಟು ಹೊಗೆ ಹಿಡಿಸೋದು ಯಾಕೆ, ಹುಳ ತಿನ್ನಿಸೋದು ಯಾಕೆ? ಒಳಗೆ ಭದ್ರವಾಗಿರಲಿ."

ಬೆರಳಮ್ಮ ಎದ್ದು ನಿಂತಳು. ಅವಳು ಅಷ್ಟು ಬೇಗ ಎದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಮಗಾ, ನನ್ನ ಮಗಳಿಗೆ ಈಗ ಐದು ತಿಂಗಳು. ಹೆರಿಗೆ ಆಗೋಗಂಟ ತಡಿ. ಆಮೇಲೆ ಮೇಣನಾದ್ರೂ ಮೆತ್ತು, ಸೆಗಣಿನಾದ್ರೂ ಮೆತ್ತು, ನಾನು ಕೇಳಲ್ಲ."

"ನಿನ್ನ ಮಗಳಿಗೋಸ್ಕರಾನೇ ಮಾಡ್ತಿರೋದು ಕಣಮ್ಮ. ನೀನು ಕುಂಟಿಕೊಂಡು ಬರೋ ಹೊತ್ತಿಗೆ ಅರ್ಧ ಕಾಳು ಹಾದುಹೋಗಿರ್ತದೆ. ಇನ್ನು ಮೇಲೆ ನಗಾರಿಯ ಮೊದಲ ಪೆಟ್ಟಿಗೇ ನನ್ನ ಓದು. ನಿನ್ನ ಮೊಮ್ಮಗು ಹೊಟ್ಟೆಯೊಳಗಿದ್ದುಕೊಂಡೇ ನನ್ನ ದನಿ ಕೇಳಿ ಬೆಳೀತದೆ ನೋಡು. ಹುಟ್ಟಿದ ಮೇಲೆ ಇಲ್ಲಿಗೆ ಕರಕೊಂಡು ಬಾ, ಎದುರಿಗೆ ಕೂರಿಸಿಕೊಂಡು ಓದ್ತೀನಿ. ಮಾತು ಕೊಟ್ಟೆ."

ಮೇಣದವನು ಸೌಟು ಅದ್ದಿದ. "ಮುಚ್ಚಲಾ?"

"ಮುಚ್ಚು."

"ಮುಚ್ಚಲಾ?"

"ಮುಚ್ಚಯ್ಯ."

ಮೂರನೆಯ ಸಲ ಕೇಳುವಾಗ ಅವನು ಬೆರಳಮ್ಮನ ಮುಖ ನೋಡುತ್ತಿದ್ದ. ಕೇಳಿದ್ದು ಮಾತ್ರ ನನ್ನನ್ನೇ. ನಾನು ಹೂಂ ಅಂದೆ. ಮೇಣ ಹಾಳೆಯ ಮೇಲೆ ಹರಿಯಿತು, ಅಕ್ಷರಗಳು ಒಂದು ಕ್ಷಣ ಅದರೊಳಗೆ ಮೀನಿನ ಹಾಗೆ ಕಂಡವು, ಆಮೇಲೆ ಮೇಣ ಬೆಳ್ಳಗಾಯಿತು.

ಮರುದಿನ ನಗಾರಿಯ ಮೊದಲ ಪೆಟ್ಟಿಗೇ ನಾನು ಮಾಳಿಗೆ ಹತ್ತಿದೆ. ಪುಸ್ತಕವಿಲ್ಲ, ಬೆರಳಿಲ್ಲ, ಸೊಂಟಕ್ಕೆ ಕೈ ಕೊಟ್ಟು ನಿಂತು ಇಡೀ ಹಾಳೆಯನ್ನು ಗಂಟಲಿನಿಂದ ಹೊರಡಿಸಿದೆ. ಕಣಿವೆ ಗುಡುಗಿತು. ಕೆಳಗಿಳಿದು ನೋಡಿದರೆ ಬಾಗಿಲು ನಿಂತಿತ್ತು. ಕಾಳು ಬರುತ್ತಿತ್ತು, ಎರಡು ಬಿಳಿ ಒಂದು ಕೆನ್ನೀಲಿ, ಎರಡು ಬಿಳಿ ಒಂದು ಕೆನ್ನೀಲಿ.

"ನೋಡಿದೆಯಾ?" ಅಂದೆ.

ಬೆರಳಮ್ಮ ಬಾಗಿಲಿಗೆ ಅಂಗೈ ಸವರಿದಳು. "ಇದು ನಿನ್ನೆಯದು ಮಗಾ."

"ಹೊಟ್ಟೆಕಿಚ್ಚಿಗೆ ಏನು ಬೇಕಾದರೂ ಹೇಳಬಹುದು."

ಎರಡನೆಯ ದಿನವೂ ಬಾಗಿಲು ನಿಂತಿತು. ಬೀದಿಯ ಓದುಗರು ಬಂದು ನೋಡಿದರು. ಮೂರನೆಯ ದಿನ ಬಾಗಿಲಿನೊಳಗಿಂದ ಸ್ವಲ್ಪ ಬೆಳಕು ಬಂತು. "ಬೆಳಕು ಬಿಡೋ ಬಾಗಿಲನ್ನು ಈ ಊರಿನಲ್ಲಿ ಯಾರಾದರೂ ಓದಿದ್ದರಾ?" ಎಂದು ಕೇಳಿದೆ. ಇಲ್ಲ ಅಂದರು. ಯಾರೂ ಓದಿರಲಿಲ್ಲ, ನಿಜ. ನಾಲ್ಕನೆಯ ದಿನ ಬಾಗಿಲಿನ ಆಚೆ ಹರಿಯುವ ಹೊಳೆಯೇ ಕೆಂಪಗೆ ಕಾಣಿಸಿತು. ಆ ಚೆಂದ ನೋಡಲು ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿದರು. ನಾನು ಮೇಲಿನಿಂದಲೇ ಹೇಳಿದೆ: "ಎಷ್ಟು ದಿನ ಅಂತ ಮುದುಕಿಯರ ಬೆರಳು ನೋಡ್ಕೊಂಡು ಓದ್ತೀರಿ? ಹಾಳೆ ಪುಸ್ತಕದಲ್ಲಿಲ್ಲ, ಇಲ್ಲಿದೆ." ಗಂಟಲು ತಟ್ಟಿ ತೋರಿಸಿದೆ.

ಮೇಣದವನು ಇನ್ನೂ ಊರು ಬಿಟ್ಟಿರಲಿಲ್ಲ. ಅವತ್ತು ಸಂಜೆಯೊಳಗೆ ಇಪ್ಪತ್ತೆಂಟು ಮನೆಯವರು ಅವನನ್ನು ಕರೆದರು. ಗಡಿಗೆ ಬರಿದಾಗಿ ಪಕ್ಕದೂರಿನಿಂದ ಇನ್ನೊಂದು ಗಡಿಗೆ ತರಿಸಿಕೊಂಡ. ಇಪ್ಪತ್ತೆಂಟು ಮನೆಯಲ್ಲಿ ಮೂರು ಮೂರು ಸಲ ಕೇಳಿದ. ಹೂಂ, ಹೂಂ, ಹೂಂ.

ಒಂದು ಮನೆ ಮಾತ್ರ ಉಳಿಯಿತು. ಗೋಡೆಯ ಮೇಲಿನಿಂದ ನಾನೇ ಕೇಳಿದೆ. "ಏನಣ್ಣ, ನೀನು ಹಾಕಿಸಲ್ವಾ?"

ತೊದಲ ಕಡ್ಡಿಯಿಂದ ತಲೆ ಕೆರೆದುಕೊಂಡ. "ನಂಗೆ ಬಾ... ಬಾಯಿಗೆ ಬರಲ್ಲ ಮಾರಾಯ. ನೋಡ್ಕೊಂಡೇ ಹೀ... ಹೀಗೆ. ನೋಡ್ದೆ ಇದ್ರೆ ಕ... ಕಥೆ ಮುಗೀತು."

ಅವತ್ತು ನಾನು ನಕ್ಕಷ್ಟು ಮತ್ತೆ ಯಾವತ್ತೂ ನಕ್ಕಿಲ್ಲ.

ಐದನೆಯ ದಿನ ಬಾಗಿಲಿಗೆ ಬೆರಳು ತಾಗಿಸಿದರೆ ನೀರಿನ ಮೇಲಿನ ಕೆನೆಯ ಹಾಗೆ ನಡುಗಿತು. ಆರನೆಯ ದಿನ ಬೆಳಿಗ್ಗೆ ನಾನು ಯಾವತ್ತಿಗಿಂತ ಚೆನ್ನಾಗಿ ಓದಿದೆ. ಇಳಿದು ಬಂದೆ. ಗೋಡೆ ಇತ್ತು. ಬಾಗಿಲಿದ್ದ ಜಾಗದಲ್ಲಿ ಒಂದು ಒದ್ದೆ ಗೆರೆ ಇತ್ತು, ಅದೂ ಮಧ್ಯಾಹ್ನದೊಳಗೆ ಒಣಗಿತು.

ಆಗ ಗೊತ್ತಾಯಿತು, ಒಂದು ಪದರದ ಆಯಸ್ಸು ಐದು ದಿನ. ಐದು ದಿನವೂ ನಾನು ಮೆರೆದದ್ದು ಮೇಣ ಹಾಕಿಸುವ ಮೊದಲು ಬೆರಳಮ್ಮ ಬೆರಳಿಟ್ಟು ನಿಲ್ಲಿಸಿದ್ದ ಬಾಗಿಲುಗಳ ಮೇಲೆ.

ನಾನು ಅದನ್ನು ಊರಿಗೆ ಹೇಳಿದೆನೇ? ಇಲ್ಲ. "ನಗಾರಿ ಸರಿಯಾಗಿಲ್ಲ" ಅಂದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಇಪ್ಪತ್ತೆಂಟು ಮನೆಯ ಬಾಗಿಲುಗಳೂ ಹೋದವು. ಅವರೂ ನಗಾರಿ ಸರಿಯಾಗಿಲ್ಲ ಅಂದರು.

ಮಾಳಿಗೆಯಿಂದ ನೋಡಿದರೆ ಕೆನ್ನೀಲಿ ಕಾಳುಗಳು ನಮ್ಮ ಬೆನ್ನ ಹಿಂದೆಯೇ ಒಂದೊಂದಾಗಿ ತೇಲಿ ಹೋಗುತ್ತಿದ್ದವು. ಹಾರೆ ತಂದು ಗೋಡೆ ಒಡೆದೆವು. ಕೆಂಪು ನೀರು ನುಗ್ಗಿತು, ಬಿಳಿ ಕಾಳು ನುಗ್ಗಿತು, ಕೆನ್ನೀಲಿ ಮಾತ್ರ ತಿರುಗಿಯೂ ನೋಡದೆ ಹೋಯಿತು. ಗೋಡೆ ಮುಚ್ಚಿದೆವು. ಬಾಯಿಪಾಠವನ್ನು ಬೇರೆ ಕಾಗದದ ಮೇಲೆ ಬರೆದು, ಅದರ ಮುಂದೆ ಕೂತು ಓದಿದೆ. ಪುಸ್ತಕದ ಬೆನ್ನಿಗೆ ಹುಟ್ಟಿನಿಂದ ಅಂಟಿರದ ಹಾಳೆ ಬರಿಯ ಕಾಗದ. ಗೋಡೆ ಗೋಡೆಯಾಗಿಯೇ ಇತ್ತು. ಕೊನೆಗೆ ಚಾಕು ತಂದು ಮೇಣ ಕೆರೆದೆ. ಮೊದಲ ಹೆರೆಗೇ ಮೇಣದ ಜೊತೆ ಅಕ್ಷರವೂ ಎದ್ದು ಬಂತು. ಎರಡನೆಯ ಹೆರೆಗೆ ಬೆರಳಮ್ಮ ನನ್ನ ಕೈ ಹಿಡಿದಳು.

"ಬಿಡು. ಇರೋದನ್ನೂ ಕಳೀಬೇಡ."

ಅವಳು ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡು, ಮೇಣದ ಮೇಲೆ ಬಾಯಿಯಿಟ್ಟು, ಕೂಸಿನ ಕಣ್ಣಿಗೆ ಬಿದ್ದ ಧೂಳಿಗೆ ಊದುವ ಹಾಗೆ, ಬಿಸಿ ಉಸಿರು ಬಿಡುತ್ತಾ ಕೂತಳು. ಬೆಳಗಿನಿಂದ ಸಂಜೆಯ ತನಕ. ಮರುದಿನವೂ. ಅದರ ಮರುದಿನವೂ.

"ಎಷ್ಟು ದಿನ ಬೇಕು ಹೀಗೆ?" ಕೇಳಿದೆ.

"ನಂಗೇನು ಗೊತ್ತು. ಮಗಳಿಗೆ ಉಳಿದಿರೋದು ನಾಲ್ಕು ತಿಂಗಳಿಗೆ ಕಮ್ಮಿ."

ನಗಾರಿ ಜೋರಾಯಿತು. ಬಯಲು ತಣ್ಣಗಾಗುತ್ತಿತ್ತು, ಗುಡ್ಡದವರಿಗೆ ಅದು ತಿಳಿಯುತ್ತಿತ್ತು, ಅವರು ಬಾರಿಸುತ್ತಿದ್ದರು. ನಾವು ಯಾಕೆ ಬಾಗಿಲು ನಿಲ್ಲಿಸುತ್ತಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಬಾರಿಸುವುದು ಒಂದೇ. ನಗಾರಿಗೆ ಇನ್ನೊಂದು ಗುಣವಿದೆ ಅಂತ ಆಗ ನೋಡಿದೆವು. ಅದರ ಪೆಟ್ಟು ಬಿದ್ದಾಗ ಬಾಗಿಲು ಹುಟ್ಟದಿದ್ದರೆ ಕೋಣೆ ಹುಟ್ಟುತ್ತದೆ. ಒಂದು ಬೆಳಿಗ್ಗೆ ನಮ್ಮ ಅಂಗಳದ ಆಚೆ ಇನ್ನೊಂದು ಅಂಗಳ ಇತ್ತು. ವಾರ ಕಳೆಯುವ ಹೊತ್ತಿಗೆ ಅದು ಬೇರೆ ಮನೆಯಾಗಿ ಸೀಳಿಕೊಂಡಿತು. ಹೊಸ ಮನೆಗೆ ಹೊಸ ಪುಸ್ತಕ ಇದ್ದೇ ಇರುತ್ತದಲ್ಲ ಎಂದು ನಾನು ಓಡಿಹೋಗಿ ತೆರೆದೆ. ಪುಸ್ತಕ ಹೊಸದು, ಹೊಲಿಗೆ ಹೊಸದು. ಬಾಗಿಲಿನ ಹಾಳೆ ಮಾತ್ರ ಹುಟ್ಟುತ್ತಲೇ ಮೇಣ ಮೆತ್ತಿಕೊಂಡು ಬಂದಿತ್ತು. ನಾನು ಒಮ್ಮೆ ಹೂಂ ಅಂದದ್ದು ಸಾಕಾಗಿತ್ತು. ಹುಟ್ಟುವ ಮನೆಗಳನ್ನು ಮೇಣದವನು ಕೇಳಬೇಕಾದ್ದೇ ಇರಲಿಲ್ಲ.

ಮೂವತ್ತು ಮನೆ ಐವತ್ತಾಯಿತು, ಐವತ್ತು ಎಂಬತ್ತಾಯಿತು. ಒಳಗೆ ತೊಟ್ಟಿ ಒಣಗಿತ್ತು, ಹೊರಗೆ ಊರು ಉಬ್ಬುತ್ತಿತ್ತು. ಎರಡು ಸಾಲಿನ ಮನೆಗಳೂ ಗಾಳಿಯ ದಾರಿಯ ಮೇಲೆ ಒತ್ತಿಕೊಂಡು ಬಂದವು. ಗಾಳಿ ಮೊದಲು ಸಿಳ್ಳೆ ಹಾಕಿತು, ಆಮೇಲೆ ಏದುಸಿರು ಬಿಟ್ಟಿತು. ಬಯಲಿನವರು ತಲೆಯೆತ್ತಿ ನೋಡಿ, ಊರಿನ ಕೊರಳು ಊದಿದೆ, ಗಳಗಂಡ ಬಂದಿದೆ ಅಂದರಂತೆ. ನಮ್ಮ ಊರಿನವರು ಮಾತ್ರ, "ನಮ್ಮೂರು ಎಷ್ಟು ಬೆಳೀತು ನೋಡ್ರಪ್ಪ" ಅಂದರು. ನಾನೂ ಅಂದೆ. ಅನ್ನದೆ ಏನು ಮಾಡಲಿ?

ಪಾಕ ಇಳಿಯುತ್ತಿದ್ದದ್ದು ಒಂದೇ ಕಾಲುವೆಯಲ್ಲಿ. ಹನ್ನೆರಡನೆಯ ಮನೆಯದು. ತೊದಲ ಈಗ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಓದುತ್ತಿದ್ದ. ಅವನ ತುಟಿ ಒಡೆದು ಹಾಳೆಯ ಅಂಚಿಗೆ ರಕ್ತ ತಾಗಿತ್ತು. ಮೂವತ್ತು ಮನೆಯ ಪಾಕ ಕುಡಿಯುತ್ತಿದ್ದ ಬಯಲಿಗೆ ಈಗ ಒಂದು ಮನೆಯ ಪಾಕ. ತಲೆಗೆ ಒಂದು ಚಮಚೆ. ಅಷ್ಟಾದರೂ ಇಳಿದದ್ದರಿಂದ ಬಯಲಿನವರು ಸಾಯಲಿಲ್ಲ. ಬದುಕಿದರು ಅಂತಲೂ ಹೇಳಲಾಗದು. ಮುಖ ಊದಿಕೊಂಡು, ಚರ್ಮ ಒಣಗಿ, ಕೂತಲ್ಲಿಯೇ ತೂಕಡಿಸುತ್ತಾ, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಮರೆತುಹೋಗುತ್ತಾ ಇದ್ದರು.

ಒಂದು ದಿನ ತೊದಲ ನಮ್ಮ ಗೋಡೆಯ ಬಳಿ ಬಂದ. ಅವನು ಬಂದದ್ದು ಅದೇ ಮೊದಲು.

"ತೊ... ತೊಟ್ಟಿ ತಿರುವೋಕೆ ಜನ ಸಾಲ್ತಿಲ್ಲ. ನಿನ್ನ ರಟ್ಟೆ ಗಟ್ಟಿ. ಒಂ... ಒಂದು ಕೈ ಹಿಡೀತೀಯಾ? ಇನ್ನೆರಡು ಚಮಚೆ ಹೆ... ಹೆಚ್ಚು ಇಳಿಸಬಹುದು."

ಒಳಗೆ ಬೆರಳಮ್ಮ ಮೇಣದ ಮೇಲೆ ಉಸಿರು ಬಿಡುವುದನ್ನು ನಿಲ್ಲಿಸಿದಳು. ಕೇಳಿಸಿಕೊಳ್ಳುತ್ತಿದ್ದಳು.

"ನಾನು ಓದುಗ ಕಣಯ್ಯ, ತಿರುವೋನಲ್ಲ" ಅಂದೆ.

ಅವನು ತನ್ನ ತೊಟ್ಟಿಯ ಕಡೆಗೆ ಹೊರಟುಹೋದ. ಬೆರಳಮ್ಮ ಮತ್ತೆ ಊದತೊಡಗಿದಳು. ಆ ಮೇಲೆ ಅವಳು ನನ್ನನ್ನು ಮಗಾ ಎಂದು ಕರೆಯಲಿಲ್ಲ. ಓದುಗರೇ ಎಂದು ಕರೆದಳು.

ತಿಂಗಳು ತುಂಬಿ ಅವಳ ಮಗಳು ಹೆತ್ತಳು. ಸುದ್ದಿ ತಂದವನು ಬಯಲಿನವನು, ಅರ್ಧ ಹೇಳಿ ಅರ್ಧ ಮರೆತ. ಹೆಣ್ಣು ಕೂಸು. ಬದುಕಿದೆ. ಅಳಲಿಲ್ಲ. ಅಷ್ಟು ನೆನಪಿತ್ತು ಅವನಿಗೆ.

"ತಟ್ಟಿದ್ರಾ?" ಎಂದು ಕೇಳಿದಳು ಬೆರಳಮ್ಮ.

"ತಟ್ಟಿದ್ರು. ಕಣ್ಣು ಬಿಟ್ಟು ನೋಡ್ತು. ಅಳಲಿಲ್ಲ."

ಆಮೇಲೆ ಆರು ವರ್ಷ.

ಆರು ವರ್ಷದಲ್ಲಿ ಊರಿಗೆ ಹೊಸದೊಂದು ಹಬ್ಬ ಬಂತು. ಬಾಯಿಪಾಠದ ಹಬ್ಬ. ಬಿಸಿಲು ಏರುವ ತಿಂಗಳಲ್ಲಿ, ನಗಾರಿ ಕಿವಿ ಒಡೆಯುವಂತೆ ಬಡಿದುಕೊಳ್ಳುವಾಗ, ನೂರಿಪ್ಪತ್ತು ಮನೆಯ ಓದುಗರು ಮಾಳಿಗೆ ಹತ್ತಿ ಬಾಗಿಲಿನ ಹಾಳೆಯನ್ನು ಪುಸ್ತಕವಿಲ್ಲದೆ ಹೇಳುತ್ತಾರೆ. ಒಂದು ಬಾಗಿಲೂ ನಿಲ್ಲುವುದಿಲ್ಲ. ನಿಲ್ಲಬೇಕೆಂದು ಯಾರೂ ಕೇಳುವುದೂ ಇಲ್ಲ. ಯಾರ ದನಿ ದೊಡ್ಡದು, ಯಾರ ಉಸಿರು ಉದ್ದ, ಯಾರು ಎಲ್ಲೂ ತಡವರಿಸಲಿಲ್ಲ, ಅಷ್ಟನ್ನೇ ನೋಡುತ್ತಾರೆ. ಆರು ವರ್ಷವೂ ನಾನೇ ಗೆದ್ದೆ. ಮೇಣದವನಿಗೂ ಒಂದು ಶಾಲು ಹೊದಿಸುತ್ತಾರೆ. ತೊದಲನನ್ನು ಯಾರೂ ಕರೆಯುವುದಿಲ್ಲ. ಅವನಿಗೆ ಅವತ್ತೂ ಕೆಲಸ ಇರುತ್ತದೆ.

ಬೆರಳಮ್ಮ ಆರು ವರ್ಷವೂ ಊದಿದಳು. ಮೇಣದ ಒಂದು ಮೂಲೆ ತೆಳ್ಳಗಾಗಿ, ಅದರಡಿಯಲ್ಲಿ ಒಂದೂವರೆ ಸಾಲು ಮಸುಕಾಗಿ ಕಾಣುತ್ತಿತ್ತು. ನಾನು ಅದರ ಮುಂದೆ ಕೂತು ಆ ಒಂದೂವರೆ ಸಾಲು ಓದಿದ್ದೂ ಉಂಟು, ಅವಳು ಬೆರಳಿಟ್ಟದ್ದೂ ಉಂಟು. ಗೋಡೆಯ ಮೇಲೆ ಉಗುರಿನಷ್ಟು ಜಾಗ ಒದ್ದೆಯಾಗಿ ಒಣಗಿತು. ಅಷ್ಟೇ ಬಂದದ್ದು.

ಆರನೆಯ ಹಬ್ಬದ ಮರುದಿನ ಬೆಳಿಗ್ಗೆ, ಗೆದ್ದ ಮಾಲೆ ಇನ್ನೂ ನನ್ನ ಕೊರಳಿನಲ್ಲಿದ್ದಾಗ, ಬಯಲಿನಿಂದ ಬೆರಳಮ್ಮನ ಮಗಳು ಬಂದಳು. ದಾರಿಯಲ್ಲಿ ಎಷ್ಟು ಸಲ ಕೂತು ಎದ್ದು ಬಂದಳೋ, ಉಸಿರಿಗಾಗಿ ಒದ್ದಾಡುತ್ತಿದ್ದಳು. ಅವಳ ಸೆರಗು ಹಿಡಿದುಕೊಂಡು ಒಂದು ಕೂಸು. ಆರು ವರ್ಷದ್ದು ಅಂದರೆ ನಂಬಲಾಗದು, ಎತ್ತರ ಮೂರರದ್ದು. ನಾಲಿಗೆ ತುಟಿಯ ಹೊರಗೆ ದಪ್ಪಗೆ ಕೂತಿತ್ತು. ಕಣ್ಣು ಮಾತ್ರ ನಿಚ್ಚಳ.

"ನೀವೇನಾ ಓದುಗರು?" ಅಂದಳು. "ಹುಟ್ಟಿದ ಮೇಲೆ ಕರಕೊಂಡು ಬನ್ನಿ, ಎದುರಿಗೆ ಕೂರಿಸ್ಕೊಂಡು ಓದ್ತೀನಿ ಅಂದಿದ್ರಂತೆ. ನಮ್ಮವ್ವ ಹೇಳಿ ಕಳಿಸಿದ್ಲು."

ನಾನು ಬೆರಳಮ್ಮನ ಕಡೆ ನೋಡಿದೆ. ಅವಳು ಮೇಣದಿಂದ ತಲೆಯೆತ್ತಲಿಲ್ಲ.

"ಕೊಟ್ಟ ಮಾತಲ್ವಾ ಓದುಗರೇ" ಅಂದಳು. "ಓದಿ."

ಓದಿದೆ. ಕೂಸನ್ನು ಎದುರಿಗೆ ಕೂರಿಸಿಕೊಂಡು ಓದಿದೆ. ಹಬ್ಬದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ. ಬೀದಿಯ ಜನ ನಿಂತರು. ಎದುರು ಮಾಳಿಗೆಯ ಪಾರಿವಾಳಗಳು ಎದ್ದು ಹೋದವು. ನಮ್ಮ ಒಣ ತೊಟ್ಟಿ ಗುಂಯ್ ಎಂದಿತು. ಕೂಸು ನನ್ನ ಕಡೆ ನೋಡುತ್ತಿರಲಿಲ್ಲ. ಅಜ್ಜಿಯ ಬಾಯಿ ನೋಡುತ್ತಿತ್ತು, ಅದು ಮೇಣದ ಮೇಲೆ ಉಸಿರು ಬಿಡುವುದನ್ನು.

ದನಿ ಏರಿಸಿದೆ. ಕೂಸು ತಿರುಗಲಿಲ್ಲ. ಇನ್ನೂ ಏರಿಸಿದೆ. ಬೀದಿಯಲ್ಲಿ ಒಬ್ಬ ಕಿವಿ ಮುಚ್ಚಿಕೊಂಡ.

"ಅದಕ್ಕೆ ಕೇಳ್ಸಲ್ಲ" ಅಂದಳು ತಾಯಿ. ಸಿಟ್ಟಿನಿಂದ ಅಂದದ್ದಲ್ಲ. ಊಟ ಆಯ್ತು ಅನ್ನುವ ಹಾಗೆ ಅಂದಳು.

ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ನನ್ನಲ್ಲಿ ಬೇರೆ ಏನಿತ್ತು?

ಆಗ ಕೂಸು ಎದ್ದು ಬಂತು. ನನ್ನ ಬಾಯಿ ಅಲ್ಲಾಡುವುದನ್ನು ಹತ್ತಿರದಿಂದ ನೋಡಿತು. ಕೈಯೆತ್ತಿ, ಮಾಲೆ ಸರಿಸಿ, ಅಂಗೈಯನ್ನು ನನ್ನ ಗಂಟಲ ಮೇಲೆ ಇಟ್ಟಿತು. ಆರು ವರ್ಷದ ಹಿಂದೆ ಹಾಳೆ ಇಲ್ಲಿದೆ ಎಂದು ನಾನು ಊರಿಗೆಲ್ಲ ತಟ್ಟಿ ತೋರಿಸಿದ್ದೆನಲ್ಲ, ಅದೇ ಜಾಗದಲ್ಲಿ. ಒಳಗೆ ದನಿ ನಡುಗುತ್ತಿದ್ದದ್ದು ಅದಕ್ಕೆ ತಿಳಿಯಿತು. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು ಕಾಯಿತು, ಆ ನಡುಕದ ಹಿಂದೆ ಏನಾದರೂ ಬರುತ್ತದೋ ಎಂದು ನೋಡುವ ಹಾಗೆ.

ಏನೂ ಬರಲಿಲ್ಲ. ಕೂಸು ಕೈ ತೆಗೆದು, ಲಂಗಕ್ಕೆ ಒರೆಸಿಕೊಂಡು, ಅಜ್ಜಿಯ ಪಕ್ಕಕ್ಕೆ ಹೋಗಿ, ಮೇಣದ ಮೇಲೆ ತನ್ನ ಬಾಯಿಯನ್ನೂ ಇಟ್ಟು ಊದಿತು. ಅದರ ಉಸಿರಿನಲ್ಲಿ ಬಿಸಿ ಇರಲಿಲ್ಲ.

ನಾನು ಕೊನೆಯ ಸಾಲಿನ ತನಕ ಓದಿದೆ. ಒಂದಕ್ಷರ ತಪ್ಪಲಿಲ್ಲ.